ಎದುರುಗಾಳಿ

ಭಾವನ ಬಲಗೈ ಮೊಣಕೈ ಎರಡನೆಯ ಸಲ ಅಲುಗಿತು. ಅವರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬರುತ್ತಿದ್ದ ಅವನು ತಲೆ ತಗ್ಗಿಸಿ, ತನ್ನ ಸೈಕಲ್ಲಿನ ಚೈನಿಗೆ ಏನೋ ಆಗಿದೆ ಎಂಬಂತೆ ನೋಡತೊಡಗಿದ.

ಕ್ಲಬ್ಬಿನ ಭಾನುವಾರದ ಸವಾರಿಗೆ ಇದ್ದದ್ದು ಒಂದೇ ನಿಯಮ. ಮುಂದಿರುವವನು ಗಾಳಿಗೆ ಎದೆ ಕೊಡಬೇಕು. ಉಳಿದವರು ಅವನ ಬೆನ್ನ ಮರೆಯಲ್ಲಿ ಹಗುರವಾಗಿ ಬರಬಹುದು. ದಣಿದವನು ಮೊಣಕೈ ಅಲುಗಿಸಿದರೆ ಹಿಂದಿನವನು ಮಾತಿಲ್ಲದೆ ಮುಂದೆ ಹೋಗಬೇಕು.

ಭಾವ ನ್ಯುಮೋನಿಯಾದಿಂದ ಎದ್ದು ಓಡಾಡತೊಡಗಿ ಹೆಚ್ಚು ದಿನವಾಗಿರಲಿಲ್ಲ. ಬೆಳಿಗ್ಗೆ ಅಕ್ಕ ಗೇಟಿನವರೆಗೂ ಬಂದು, ಅವರಿಗೆ ಮುಂದೆ ನುಗ್ಗುವ ಚಟ, ಗಾಳಿಗೆ ನೀನೇ ಇರು ಎಂದು ಹೇಳಿ ಕಳಿಸಿದ್ದಳು. ಅವನು ಆಯ್ತಕ್ಕ ಎಂದಿದ್ದ. ಹೇಳುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಆದರೆ ಕಾಲುವೆಯ ಸೇತುವೆ ದೂರದಲ್ಲಿ ಕಂಡಿತ್ತು. ಅಲ್ಲಿಗೆ ಮೊದಲು ಮುಟ್ಟುವವನದು ಆ ವಾರದ ಗೆಲುವು. ಅವನೊಮ್ಮೆಯೂ ಗೆದ್ದಿರಲಿಲ್ಲ. ಯಾವಾಗಲೂ ಯಾರದೋ ಬೆನ್ನ ಹಿಂದೆ ಬರುತ್ತಾನೆಂದು ಕ್ಲಬ್ಬಿನವರು ಅವನಿಗೆ ನೆರಳು ಎಂದು ಹೆಸರಿಟ್ಟಿದ್ದರು. ಅವನ ಕನ್ನಡಕದ ಅಂಗಡಿಗೆ ಬಂದವರೂ ಗಿರಾಕಿಗಳ ಮುಂದೆಯೇ ಹಾಗೆ ಕರೆಯುತ್ತಿದ್ದರು. ಇಂದು ಮಾತ್ರ ಕಾಲುಗಳಲ್ಲಿ ಕಸುವು ಉಳಿದಿತ್ತು.

ಮೊಣಕೈ ಮತ್ತೊಮ್ಮೆ, ಬಹಳ ನಿಧಾನವಾಗಿ, ಹೊರಕ್ಕೆ ಬಾಗಿತು. ಭಾವನ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು. ಚಿಕ್ಕಂದಿನಲ್ಲಿ ಅವನಿಗೆ ಸೈಕಲ್ ಕಲಿಸುವಾಗ ಸೀಟು ಹಿಡಿದು ಹಿಂದೆ ಓಡಿಬಂದವರು ಇದೇ ಭಾವ. ಅದು ನೆನಪಾದದ್ದೇ, ಅವನು ಪಕ್ಕಕ್ಕೆ ಸರಿದು, ಸೀಟಿನಿಂದೆದ್ದು, ಅವರ ಮುಖ ನೋಡದೆ ಒಬ್ಬನೇ ಸೇತುವೆಯತ್ತ ಮುನ್ನುಗ್ಗಿದ.

ಗೆದ್ದ. ಸೇತುವೆಯ ಕಟ್ಟೆಗೆ ಸೈಕಲ್ ಒರಗಿಸಿ ನಿಂತಾಗ, ಎರಡನೆಯವರಾಗಿ ಬಂದ ನಿವೃತ್ತ ಹೆಡ್‌ಮಾಸ್ತರು ಬೆನ್ನು ತಟ್ಟಿ, ಇನ್ನು ಹೊಸ ಹೆಸರು ಹುಡುಕಬೇಕು ಎಂದರು. ಉಳಿದವರೂ ಬಂದರು. ಭಾವ ಬರಲಿಲ್ಲ. ಅವನು ಬಾಟಲಿಯ ಮುಚ್ಚಳ ತೆಗೆದವನು ಕುಡಿಯದೆ ಹಾಗೇ ಹಿಡಿದು ನಿಂತ.

ಕೊನೆಗೆ ಭಾವ ಕಾಣಿಸಿಕೊಂಡರು, ಸೈಕಲ್ ತಳ್ಳಿಕೊಂಡು. ತುಟಿಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಕೆಮ್ಮಿದರು. ಹೆಡ್‌ಮಾಸ್ತರು ಅವರನ್ನೂ ಅವನನ್ನೂ ನೋಡಿದರು.

"ಊರಿಗೆಲ್ಲ ಕನ್ನಡಕ ಹಾಕ್ತೀಯಲ್ಲಪ್ಪ, ಭಾವನ ಮೊಣಕೈ ಕಾಣಲಿಲ್ವಾ ನಿಂಗೆ?"

ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಭಾವ ಕೈಯೆತ್ತಿದರು.

"ಅವನದೇನೂ ಇಲ್ಲ ಸಾರ್. ನಾನು ಅಲುಗಿಸಲೇ ಇಲ್ಲ. ಇನ್ನೂ ತಡ್ಕೋತೀನಿ ಅಂದ್ಕೊಂಡೆ." ಆಮೇಲೆ ಅವನ ಕಡೆ ತಿರುಗಿ, "ಚೆನ್ನಾಗಿ ಓಡಿಸಿದೆ ಕಣೋ," ಎಂದರು. "ಇದನ್ನೆಲ್ಲ ನಿಮ್ಮಕ್ಕನಿಗೆ ಹೇಳೋಕೆ ಹೋಗ್ಬೇಡ."

ಅವರ ಕಣ್ಣಲ್ಲಿ ಸಿಟ್ಟು ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬಂದ ದಾರಿಯಲ್ಲೇ ಊರಿಗೆ ವಾಪಸ್ಸು ಹೊರಡುವಾಗ ಯಾರೂ ಕೇಳದೆಯೇ ಅವನು ಎಲ್ಲರಿಗಿಂತ ಮುಂದೆ ಹೋದ. ಭಾವನನ್ನು ತನ್ನ ಬೆನ್ನಿಗೇ ಇರಿಸಿಕೊಂಡ. ಎದೆಯನ್ನು ಅಗಲಿಸಿ, ಭುಜಗಳನ್ನು ಎತ್ತಿ, ಆದಷ್ಟು ದೊಡ್ಡದಾಗಿ ಕುಳಿತು ತುಳಿದ. ಮೊಣಕೈಗಳನ್ನು ಮೈಗೆ ಬಿಗಿಯಾಗಿ ಒತ್ತಿಕೊಂಡಿದ್ದ. ಹಿಂದಿನಿಂದ ಕೆಮ್ಮು ಆಗಾಗ ಕೇಳಿಬರುತ್ತಿತ್ತು.

ತುಸು ದೂರ ಹೋದ ಮೇಲೆ, ಪೆಡಲುಗಳು ತೀರ ಹಗುರವಾಗಿವೆ ಎನ್ನಿಸಿತು. ತಲೆಯೆತ್ತಿ ನೋಡಿದ. ರಸ್ತೆಯ ಎರಡೂ ಬದಿಯ ಹುಲ್ಲು ಗಾಳಿಗೆ ಅವರು ಹೋಗುತ್ತಿದ್ದ ದಿಕ್ಕಿಗೇ ಬಾಗಿತ್ತು.