ಮೇಷ್ಟ್ರು ಕಾಪಾಡಿದ ಕ್ಲಾರಿನೆಟ್

ನಾನು ಒಂದು ಕ್ಲಾರಿನೆಟ್. ಬೊಹೆಮಿಯಾದ ಒಂದು ಬೆಟ್ಟದೂರಿನಲ್ಲಿ ಮುದುಕನೊಬ್ಬ ಕರಿಮರವನ್ನು ಕಡೆದು, ಕೊರೆದು, ಬೆಳ್ಳಿಬಣ್ಣದ ಗುಂಡಿಗಳನ್ನು ಕೂಡಿಸಿ ನನ್ನನ್ನು ಮಾಡಿದ. ಪ್ರಾಗ್ ನಗರದ ಯಹೂದಿ ಔಷಧ ವ್ಯಾಪಾರಿ ಓಟೋ ಪೊಲ್ಲಾಕ್ ನನ್ನನ್ನು ಕೊಂಡು ಹತ್ತು ವರ್ಷದ ಮಗಳು ಎರ್ನಾಳ ಕೈಗಿತ್ತರು. ಅವಳ ಬೆರಳುಗಳು ಎಷ್ಟು ಪುಟ್ಟವೆಂದರೆ ನನ್ನ ತೂತುಗಳೇ ಮುಚ್ಚುತ್ತಿರಲಿಲ್ಲ.

ಪಾಠ ಹೇಳಲು ವ್ಲಾಸಾಕ್ ಮೇಷ್ಟ್ರು ಬರುತ್ತಿದ್ದರು. ಎರ್ನಾಳ ತಾಯಿ ಮಾಡಿದ ಪ್ಲಮ್ ಹಣ್ಣಿನ ಕಡುಬನ್ನು ಎರಡೆರಡು ಸಲ ಹಾಕಿಸಿಕೊಂಡು, ಇದು ನನ್ನದೇ ಮನೆಯಿದ್ದಂತೆ ಎನ್ನುತ್ತಿದ್ದರು. ನಾಲ್ಕು ವರ್ಷದಲ್ಲಿ ಎರ್ನಾ ನುಡಿಸಿದರೆ ಎದುರುಮನೆಯವರು ಕಿಟಕಿ ತೆರೆದು ಕೇಳುವಂತಾಯಿತು.

ಆಮೇಲೆ ನಾಜಿ ಸೈನ್ಯ ಬಂತು. ಯಹೂದಿ ಎಂಬ ಕಾರಣಕ್ಕೆ ಎರ್ನಾಳನ್ನು ಶಾಲೆಯಿಂದ ಹೊರಹಾಕಿದರು. ಮೇಷ್ಟ್ರು ಮನೆಗೆ ಬರುವುದು ನಿಂತಿತು. ದಾರಿಯಲ್ಲಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಅವಳು ಬೀರುವಿನ ಕೋಟುಗಳ ನಡುವೆ ತಲೆ ತೂರಿಸಿ ಮೆಲ್ಲಗೆ ನುಡಿಸುತ್ತಿದ್ದಳು. ಎರಡು ವರ್ಷದ ಮೇಲೆ, ಯಹೂದಿಗಳು ತಮ್ಮ ವಾದ್ಯಗಳನ್ನೆಲ್ಲ ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಎರ್ನಾ ನನ್ನನ್ನು ಹಿಡಿದು ಚಳಿಯಲ್ಲಿ ಸರದಿ ನಿಂತು ಒಳಗೆ ಹೋದರೆ, ಮೇಜಿನ ಹಿಂದೆ ವಾದ್ಯ ಪರೀಕ್ಷಿಸಲು ಕೂತಿದ್ದವರು ವ್ಲಾಸಾಕ್ ಮೇಷ್ಟ್ರೇ. ಚೆನ್ನಾಗಿ ಇಟ್ಟುಕೊಂಡಿದ್ದೀಯ ಎಂದು ಅವಳನ್ನು ಹೊಗಳಿ, ನನ್ನನ್ನು ತಮ್ಮ ಚೀಲಕ್ಕೇ ಇಳಿಸಿಕೊಂಡರು.

ಥೂ, ಆ ಬಾಯಿ! ಚುಟ್ಟಾದ ನಾತ, ಹುಳಿ ತೇಗು, ಅಂಟು ಜೊಲ್ಲು. ಆ ಉಸಿರು ಒಳಗಿಳಿದಾಗಲೆಲ್ಲ ನನಗೆ ವಾಕರಿಕೆ. ಅವರು ನಾಜಿ ಅಧಿಕಾರಿಗಳ ಔತಣಗಳಲ್ಲಿ ನುಡಿಸುತ್ತಿದ್ದರು. ನನ್ನ ದನಿಗೆ ಕರಗಿ, ಮಾಂಸದ ಜಿಡ್ಡು ಮೆತ್ತಿದ ಬೆರಳಲ್ಲೇ ಅಧಿಕಾರಿಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ಎರ್ನಾಳನ್ನೂ ಅವಳ ಮನೆಯವರನ್ನೂ ಸೆರೆ ಶಿಬಿರದ ರೈಲಿಗೆ ತುಂಬಿದ ಸುದ್ದಿಯನ್ನು ಮೇಷ್ಟ್ರು ಹೆಂಡತಿಗೆ ಹೇಳಿದ್ದು ಸೂಪು ಸೊರ್ರೆಂದು ಹೀರುತ್ತಲೇ.

ಯುದ್ಧ ಮುಗಿದ ಬೇಸಿಗೆಯಲ್ಲಿ ಎರ್ನಾ ಮೇಷ್ಟ್ರ ಮನೆಯ ಬಾಗಿಲು ತಟ್ಟಿದಳು. ಇಪ್ಪತ್ತರ ಹುಡುಗಿ, ಬೋಳಿಸಿದ ತಲೆಯಲ್ಲಿ ಆಗಷ್ಟೇ ಚಿಗುರುತ್ತಿದ್ದ ಕೂದಲು. ತಂದೆತಾಯಿ ಶಿಬಿರದಿಂದ ಮರಳಲಿಲ್ಲ. ನಾಜಿಗಳ ಸೇವೆ ಮಾಡಿದವರ ವಿಚಾರಣೆ ನಡೆಯುತ್ತಿದ್ದ ಕಾಲ ಅದು. ಮೇಷ್ಟ್ರು ನನ್ನನ್ನು ಒರೆಸಿ ತಂದು ಅವಳ ಕೈಗಿಟ್ಟರು. ತಾನು ಒಳ್ಳೆಯವನೆಂದು ಒಂದು ಕಾಗದ ಬರೆದುಕೊಡು ಎಂದು ಬೇಡಿಕೊಂಡರು.

"ನಿನಗೋಸ್ಕರವೇ ಇದನ್ನು ಕಾಪಾಡಿದೆ, ಮಗೂ."

"ಯಾರಿಂದ ಕಾಪಾಡಿದಿರಿ, ಮೇಷ್ಟ್ರೇ?"

ಅವರು ಖಾಲಿ ಕಾಗದವನ್ನೂ ಪೆನ್ನನ್ನೂ ಅವಳ ಮುಂದೆ ಸರಿಸಿದರು. ಎರ್ನಾ ಕಾಗದ ಮುಟ್ಟಲಿಲ್ಲ. ನನ್ನನ್ನು ಕಂಕುಳಲ್ಲಿ ಅವಚಿಕೊಂಡು ಮೆಟ್ಟಿಲಿಳಿದಳು. ಮೇಷ್ಟ್ರ ಬಾಯಿ ತಾಗಿದ ತುದಿಯನ್ನು ಕಿತ್ತು ಚರಂಡಿಗೆ ಎಸೆದು, ಹೊಸದು ಹಾಕಿಸಿದಳು. ಮೂವತ್ತು ವರ್ಷ ವಾದ್ಯವೃಂದದಲ್ಲಿ ನನ್ನನ್ನು ನುಡಿಸಿದಳು.

ಈಗ ಮೈ ಬಿರಿದು ಅವಳ ಕಪಾಟಿನಲ್ಲಿ ಮಲಗಿದ್ದೇನೆ. ಮೇಷ್ಟ್ರ ಮೇಲಿನ ಹೇಸಿಗೆ ಹಳೆಯದಾಯಿತು. ನನ್ನ ಮೇಲಿನ ಹೇಸಿಗೆ ಹೋಗಿಲ್ಲ. ಆ ಔತಣಗಳಲ್ಲಿ, ಮೇಷ್ಟ್ರ ಉಸಿರಿಗೂ ನಾನು ಇಂಪಾಗಿಯೇ ನುಡಿದೆ. ಒಂದು ಸ್ವರವೂ ತಪ್ಪಲಿಲ್ಲ.