ಒದ್ದೆ ನೆಲ

ಝೆಪ್ಪಿ ಹೆಬ್ಬೆರಳಿನಿಂದ ಪಾರಿವಾಳದ ಎದೆ ಒತ್ತಿ ನೋಡಿದ. ಎದೆಮೂಳೆ ಚೂರಿಯ ಅಂಚಿನ ಹಾಗೆ ಬೆರಳಿಗೆ ಸಿಕ್ಕಿತು. ಹೋದ ವಾರವಷ್ಟೇ ಅದರ ಎರಡು ಪಕ್ಕಕ್ಕೂ ಮಾಂಸ ತುಂಬಿಕೊಂಡಿತ್ತು. ಸ್ಟಿಲ್ಲಾ ಗರಿಯೆಲ್ಲ ಉಬ್ಬಿಸಿಕೊಂಡು, ಅರೆಗಣ್ಣು ಮುಚ್ಚಿ, ಅವನ ಅಂಗೈಯಲ್ಲಿ ಕೂತಿತ್ತು. ಕೂತಲ್ಲೇ ಅಂಗಿಯ ತೋಳಿನ ಮೇಲೆ ಹಸಿರು ನೀರು ಬಿಟ್ಟಿತು.

"ಮತ್ತೆ ಶುರುವಾಯ್ತಾ? ಥೂ, ಇದರ ಮನೆ ಹಾಳಾಗ!" ಎಂದ. ಬೈದದ್ದು ರೋಗಕ್ಕೆ, ಹಕ್ಕಿಗಲ್ಲ.

ಇದು ಮೂರನೆಯ ಸಲ. ಐದು ದಿನ ಕುಡಿಯುವ ನೀರಿಗೆ ಔಷಧಿ ಹಾಕಿದರೆ ಹಿಕ್ಕೆ ಗಟ್ಟಿಯಾಗುತ್ತದೆ, ಹಕ್ಕಿಗಳು ಕಾಳಿಗೆ ಮುಗಿಬೀಳುತ್ತವೆ. ಇನ್ನೇನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ, ಹತ್ತೇ ದಿನಕ್ಕೆ, ಮತ್ತೆ ಅದೇ ಹಸಿರು ನೀರು. ನಡುವೆ ಬೆಳ್ಳುಳ್ಳಿ ಜಜ್ಜಿ ಹಾಕಿದ್ದಾಯಿತು, ವಿನೆಗರ್ ಹಾಕಿದ್ದಾಯಿತು, ಮಾತೆ ಮರಿಯಳ ಮುಂದೆ ಮೇಣದ ಬತ್ತಿ ಹಚ್ಚಿದ್ದೂ ಆಯಿತು. ಇವತ್ತು ಮಂಗಳವಾರ. ಗುರುವಾರ ಸಂಜೆ ಕ್ಲಬ್ಬಿನಲ್ಲಿ ಐನೂರು ಮೈಲಿ ಪಂದ್ಯದ ಹಕ್ಕಿಗಳನ್ನು ಬುಟ್ಟಿಗೆ ತುಂಬುತ್ತಾರೆ. ಶನಿವಾರ ಅಷ್ಟು ದೂರದಿಂದ ಹಾರಿಬಿಟ್ಟರೆ, ಮೊದಲು ತನ್ನ ಗೂಡು ಸೇರಿದ ಹಕ್ಕಿಯೇ ಗೆದ್ದಂತೆ. ಮಾಲ್ಟಾದಿಂದ ಹಡಗಿನಲ್ಲಿ ಬಂದು, ಮೆಲ್ಬರ್ನಿನ ಈ ಸೇಂಟ್ ಆಲ್ಬನ್ಸಿನಲ್ಲಿ ಹಿತ್ತಲು ಮಾಡಿಕೊಂಡು, ಆಳು ನಿಲ್ಲುವಷ್ಟು ದೊಡ್ಡ ಹಲಗೆಯ ಗೂಡು ಕಟ್ಟಿ ಇಪ್ಪತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ಅವನು ಆ ಪಂದ್ಯವನ್ನು ಒಮ್ಮೆಯೂ ಗೆದ್ದಿರಲಿಲ್ಲ. ಗೆಲ್ಲುವಂಥ ಹಕ್ಕಿ ಅಂತ ಸಿಕ್ಕಿದ್ದು ಈ ಸ್ಟಿಲ್ಲಾ ಒಂದೇ.

"ಭಾವ, ಯಾಕೆ, ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡ್ಕೊಂಡಿದೀಯ?"

ಹೆಂಡತಿಯ ತಮ್ಮ ಕಾರ್ಮೆನು ಬಟಾಣಿ ಪಫ್ ತಿನ್ನುತ್ತ ಹಿತ್ತಲಿಗೆ ಬಂದಿದ್ದ. ಝೆಪ್ಪಿ ಸ್ಟಿಲ್ಲಾಳನ್ನು ಬೇಗ ಗೂಡಿನ ಕತ್ತಲೆಗೆ ಸೇರಿಸಿ ತೋಳು ಮಡಚಿಕೊಂಡ. ಗೂಡಿನಲ್ಲಿ ರೋಗ ಇದೆ ಎಂದು ಬಾಯಿಬಿಟ್ಟವನ ಮರಿಗಳನ್ನು ಮುಂದೆ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಕ್ಲಬ್ಬಿನಲ್ಲಿ ಎಲ್ಲರ ಹಕ್ಕಿಗಳೂ ವರ್ಷವಿಡೀ ಆರೋಗ್ಯವಾಗಿಯೇ ಇರುತ್ತವೆ!

"ಏನಿಲ್ಲ. ನೀನು ನಿನ್ನ ಕೊಟ್ಟಿಗೆ ಗುಡಿಸೋದು ಯಾವಾಗ?"

"ಅದಾ? ಕ್ರಿಸ್ಮಸ್ ಬರಲಿ, ನೋಡೋಣ," ಎಂದು ಕಾರ್ಮೆನು ನಕ್ಕ. ಅವನ ಗೂಡಿನಲ್ಲಿ ಹಿಕ್ಕೆ ಗೇಣೆತ್ತರ ಬಿದ್ದಿತ್ತು. ಅವನ ಹಕ್ಕಿಗಳು ಆ ಗಲೀಜಿನಲ್ಲೇ ಉರುಳಾಡಿ, ಈ ಋತುವಿನಲ್ಲಿ ಮೂರು ಪಂದ್ಯ ಗೆದ್ದಿದ್ದವು. ಇದೇ ಝೆಪ್ಪಿಯ ಹೊಟ್ಟೆ ಉರಿಸುತ್ತಿದ್ದದ್ದು. ಝೆಪ್ಪಿಯ ಗೂಡಿನಲ್ಲಾದರೆ ನೆಲದ ಮೇಲೆ ಟೊಮೆಟೊ ಸವರಿದ ಬ್ರೆಡ್ ಇಟ್ಟುಕೊಂಡು ತಿನ್ನಬಹುದಿತ್ತು. ಇಲ್ಲಿ ನೆಲೆಯೂರಿದ ಹೊಸತರಲ್ಲಿ ಪಕ್ಕದ ಮನೆಯ ಮಿಸೆಸ್ ಡಾಯ್ಲ್ ಪಾರಿವಾಳದ ವಾಸನೆ ಎಂದು ದೂರು ಕೊಟ್ಟಿದ್ದಳು. ಅಧಿಕಾರಿಯೊಬ್ಬ ಬಂದು, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಗೂಡಿನ ಸುತ್ತ ನಡೆದಿದ್ದ. ಆ ಕರವಸ್ತ್ರವನ್ನು ಝೆಪ್ಪಿ ಮರೆತಿರಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಪೈಪು ಹಿಡಿದು ನೆಲ ತೊಳೆಯುತ್ತಿದ್ದ. ರೋಗ ಬಂದ ಮೇಲೆ ಸಂಜೆಯೂ ತೊಳೆಯತೊಡಗಿದ್ದ.

ಮಧ್ಯಾಹ್ನ ಅವನು ಹಿಕ್ಕೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹಕ್ಕಿ ಡಾಕ್ಟರ್ ಬ್ರಿಜೆಟ್ ಹತ್ತಿರ ಹೋದ.

"ನನ್ನದಲ್ಲ, ಸ್ನೇಹಿತರೊಬ್ಬರ ಹಕ್ಕಿದು," ಎಂದ.

"ಹೌದಾ? ಸ್ನೇಹಿತರ ಹಕ್ಕಿ ನಿಮ್ಮ ತೋಳಿನ ಮೇಲೂ ಹೋಗಿದೆಯಲ್ಲ," ಎಂದಳು ಅವಳು, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ. "ಬನ್ನಿ, ನೋಡಿ. ಈ ದುಂಡನೆಯವೆಲ್ಲ ಮೊಟ್ಟೆ. ಕರುಳು ತಿನ್ನೋ ಕ್ರಿಮಿದು. ನೀವು ಕೊಡ್ತಿರೋ ಔಷಧಿ ಸರಿಯಾಗೇ ಇದೆ. ಆದ್ರೂ ಯಾಕೆ ತಿರುಗಿ ಬರ್ತಿದೆ? ಗೂಡು ನೋಡ್ಬೇಕು."

ಗೂಡು ತೋರಿಸಲು ಝೆಪ್ಪಿಗೆ ಹೆಮ್ಮೆಯೇ. ಬ್ರಿಜೆಟ್ ಬಂದವಳು ಹಕ್ಕಿಗಳನ್ನು ನೋಡಲೇ ಇಲ್ಲ. ಮೊಣಕಾಲೂರಿ, ನೆಲದ ಹಲಗೆಯ ಮೇಲೆ ಅಂಗೈ ಒತ್ತಿ ಎತ್ತಿದಳು. ಕೈ ಒದ್ದೆಯಾಗಿತ್ತು.

"ಚಳಿಗಾಲದಲ್ಲಿ ದಿನಾ ತೊಳೀತೀರಾ?"

"ದಿನಕ್ಕೆ ಎರಡು ಸಲ!"

"ಅದೇ. ಈ ಮೊಟ್ಟೆ ಒಣನೆಲಕ್ಕೆ ಬಿದ್ರೆ ಸಾಯುತ್ತೆ. ಒದ್ದೆ ಸಿಕ್ರೆ ಎರಡು ದಿನದಲ್ಲಿ ಬಲಿತು ಮತ್ತೆ ಹಕ್ಕಿ ಹೊಟ್ಟೆ ಸೇರುತ್ತೆ. ನೀವು ಔಷಧಿ ಹಾಕಿ ಕೊಲ್ತೀರಿ, ನೀರು ಹೊಯ್ದು ನೀವೇ ಸಾಕ್ತೀರಿ."

"ಏನಮ್ಮ ಮಾತಾಡ್ತೀರಿ!" ಝೆಪ್ಪಿ ಕೂಗಿಬಿಟ್ಟ. "ನನ್ನ ಭಾಮೈದನ ಗೂಡು ನೋಡಿದೀರಾ? ಹಂದಿ ಕೂಡ ಅಲ್ಲಿ ಮಲಗಲ್ಲ!"

"ಅವರ ನೆಲ ಒಣಗಿದೆಯಾ?"

"ಸುಣ್ಣದ ಪುಡಿ ಹಾಗಿದೆ," ಎಂದ ಝೆಪ್ಪಿ, ತನ್ನ ಒದ್ದೆ ಹಲಗೆ ನೋಡುತ್ತ.

ಔಷಧಿ ಮತ್ತೆ ಐದು ದಿನ, ನೆಲಕ್ಕೆ ನೀರು ಬಂದ್, ಹಿಕ್ಕೆಯನ್ನು ಬರೀ ಕೆರೆದು ತೆಗೆಯುವುದು. ಗುರುವಾರದ ಮಾತೆತ್ತಿದಾಗ ಬ್ರಿಜೆಟ್ ಬೇಡವೆಂದು ತಲೆಯಾಡಿಸಿದಳು. "ಬುಟ್ಟಿಲಿ ಎಲ್ಲರ ಹಕ್ಕಿನೂ ಒಟ್ಟಿಗೆ ಇರುತ್ತೆ. ಊರಿಗೆಲ್ಲ ಹಂಚಿದ ಹಾಗಾಗುತ್ತೆ. ಇವಳಿಗೂ ಅಷ್ಟು ದೂರ ಹಾರೋ ಶಕ್ತಿ ಇಲ್ಲ."

ಆದರೂ ಗುರುವಾರ ಅವನು ಸ್ಟಿಲ್ಲಾಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕ್ಲಬ್ಬಿಗೆ ಹೋದ. ಎರಡು ದಿನಕ್ಕೇ ಅದರ ಕಣ್ಣು ಅರಳಿತ್ತು. ಯಾರಿಗೆ ಗೊತ್ತಾಗುತ್ತೆ? ಬಾಗಿಲಲ್ಲೇ ಕಾರ್ಮೆನು ಕೈಚಾಚಿದ. "ಕೊಡು ಭಾವ, ನಿನ್ನದನ್ನ ನನ್ನ ಹಕ್ಕಿಗಳ ಪಕ್ಕಾನೇ ಬಿಡ್ತೀನಿ. ಜೊತೆಗಿರಲಿ."

ಝೆಪ್ಪಿ ಪೆಟ್ಟಿಗೆ ಬಿಡಲಿಲ್ಲ. ಇಬ್ಬರೂ ಅದನ್ನು ಹಿಡಿದು ನಿಂತರು.

"ಕಳಿಸಲ್ಲ," ಎಂದ ಝೆಪ್ಪಿ.

"ತಲೆ ಕೆಟ್ಟಿದೆಯಾ? ಇಪ್ಪತ್ತೆಂಟು ವರ್ಷದಿಂದ ಕಾಯ್ತಿದೀಯ!"

"ಕರುಳಿನ ರೋಗ. ಆರು ವಾರ ಆಯ್ತು. ನೀರು ಹೊಯ್ದು ಹೊಯ್ದು ನಾನೇ ಬೆಳೆಸಿದ್ದು."

ಮೇಜಿನ ಸುತ್ತ ಇದ್ದವರು ತಿರುಗಿ ನೋಡಿದರು. ಕಾರ್ಮೆನು ಈಗ ಗೇಲಿ ಮಾಡುತ್ತಾನೆ ಎಂದು ಝೆಪ್ಪಿ ಕಾದ. ಕಾರ್ಮೆನು ಪೆಟ್ಟಿಗೆಯಿಂದ ಮೆಲ್ಲಗೆ ಕೈ ತೆಗೆದ. "ಆರು ವಾರದಿಂದ ಬಾಯಿ ಹೊಲ್ಕೊಂಡಿದ್ಯಾ? ನಂಗಾದ್ರೂ ಹೇಳಬಾರದಿತ್ತಾ, ಕತ್ತೆ?" ಎಂದ. ಬೈಗುಳ ಕೇಳಿ ಝೆಪ್ಪಿಗೆ ಅಳು ಬಂತು. ಬೇಗ ಹೊರಗೆ ನಡೆದುಬಿಟ್ಟ.

ಶನಿವಾರ ಬೆಳಿಗ್ಗೆ ಆರಕ್ಕೆ ಕೈ ತಾನಾಗಿ ನಲ್ಲಿಯ ಮೇಲೆ ಹೋಯಿತು. ಹಿಂದಕ್ಕೆ ಎಳೆದುಕೊಂಡ. ಬೇಲಿಯಾಚೆ ಮಿಸೆಸ್ ಡಾಯ್ಲ್ ಬಿಳಿ ತಲೆ ಎತ್ತಿದಳು.

"ಏನು ಝೆಪ್ಪಿ, ನಾಲ್ಕು ದಿನದಿಂದ ನೀರಿನ ಸದ್ದೇ ಇಲ್ಲ? ಅದು ಕೇಳಿದ್ರೇನೇ ನಂಗೆ ಬೆಳಗಾಗೋದು."

"ವಾಸನೆ ಬಂದ್ರೆ ಹೇಳಿ," ಎಂದ ಅವನು ಬಿಗಿಯಾಗಿ.

"ವಾಸನೆನಾ? ಪಾರಿವಾಳಕ್ಕೆಂಥ ವಾಸನೆ? ನಾನು ಯಾವತ್ತಾದ್ರೂ ಏನಾದ್ರೂ ಅಂದಿದೀನಾ?"

ಝೆಪ್ಪಿ ಅವಳ ಮುಖವನ್ನೇ ನೋಡಿದ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ.

ಸಂಜೆ ಗೂಡಿನ ಒಣ ಹಲಗೆಯ ಮೇಲೆ ಒಬ್ಬನೇ ಕೂತಿದ್ದ. ಎರಡು ಬೀದಿಯಾಚೆ ಹಕ್ಕಿಯನ್ನು ಇಳಿಸಲು ಕಾಳಿನ ಡಬ್ಬ ಅಲ್ಲಾಡಿಸುವ ಸದ್ದು, ಕಾರ್ಮೆನುವಿನ ಶಿಳ್ಳೆ. ಅವನ ಹಕ್ಕಿ ಬಂದಿರಬೇಕು. ಝೆಪ್ಪಿ ಆಕಾಶ ನೋಡಲಿಲ್ಲ. ಸ್ಟಿಲ್ಲಾ ಕಾಳು ಮುಗಿಸಿ, ಅವನ ಬೂಟಿನ ಪಕ್ಕಕ್ಕೆ ನಡೆದು ಬಂದು, ಬಾಲ ಎತ್ತಿ ಮುಂದೆ ಹೋಯಿತು. ಅಲ್ಲೊಂದು ಹಿಕ್ಕೆ ಬಿದ್ದಿತ್ತು. ಗಟ್ಟಿ, ದುಂಡು, ಕಂದು ಬಣ್ಣ, ನೆತ್ತಿಯ ಮೇಲೆ ಬೆಳ್ಳಗೆ ಚಿಕ್ಕ ಟೋಪಿ. ಝೆಪ್ಪಿ ಕೆರೆಯುವ ಸಲಾಕೆ ಎತ್ತಿಕೊಂಡ. ಆಮೇಲೆ ಸಲಾಕೆಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡು, ಬೆಳಕು ಪೂರ್ತಿ ಹೋಗುವವರೆಗೂ ಆ ಹಿಕ್ಕೆಯನ್ನು ನೋಡುತ್ತ ಕೂತ.