ಬೈಸಿಕೊಳ್ಳುವ ಯೋಗ್ಯತೆ

ನನ್ನ ತಮ್ಮ ಯೋಗಾನರಸಿಂಹನಿಗೆ ಬೈಯುವುದು ಮೊದಲ ವಿದ್ಯೆ, ಮೃದಂಗ ಎರಡನೆಯದು. ಹೊಳೆನರಸೀಪುರದ ಕೋಟೆ ಬೀದಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವನು ಪಾಠಕ್ಕೆ ಕೂತರೆ, ತಪ್ಪು ಬಾರಿಸಿದ ಹುಡುಗನ ಎಡಗೈ, ಬಲಗೈ, ಬೆನ್ನುಮೂಳೆ, ಅವನನ್ನು ಕಳಿಸಿಕೊಟ್ಟ ಅಪ್ಪನ ಬುದ್ಧಿ, ಎಲ್ಲವನ್ನೂ ಬಿಡಿಬಿಡಿಯಾಗಿ ಬಿಚ್ಚಿ ಒಣಹಾಕುತ್ತಿದ್ದ. ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದ ನನಗೂ ಅಷ್ಟು ಚೊಕ್ಕವಾಗಿ ಬೈಯಲು ಬರುತ್ತಿರಲಿಲ್ಲ. ಆದರೆ ಬೈಸಿಕೊಂಡ ಹುಡುಗರು ಮುಂದೆ ಬಂದರು, ಅದನ್ನು ಒಪ್ಪಬೇಕು. ಅರಕಲಗೂಡಿನ ರಾಮೋತ್ಸವಕ್ಕೋ ರುದ್ರಪಟ್ಟಣದ ಕಡೆಯ ಮದುವೆ ಕಛೇರಿಗೋ ಹೋಗುವಾಗ ಅವರಲ್ಲೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದ.

ಅವನ ಬಾಯಿಂದ ತಪ್ಪಿಸಿಕೊಂಡವಳು ಒಬ್ಬಳೇ. ಅವನ ಮಗಳು ಸಂಹಿತಾ.

ತಾಯಿಯಿಲ್ಲದ ಹುಡುಗಿ, ನೋಯಿಸಬಾರದು ಎನ್ನುವುದು ಅವನ ವಾದ. ಅವಳನ್ನು ಸಾಕಿದವಳು ನಾನು. ಬೇಕಾದಷ್ಟು ನೋಯಿಸಿದ್ದೇನೆ, ಚೆನ್ನಾಗಿಯೇ ಬೆಳೆದಿದ್ದಾಳೆ. ಹುಡುಗರೆಲ್ಲ ಹೋದ ಮೇಲೆ ಅವಳು ಚಾಪೆಯ ಮೇಲೆ ಕೂತು, ನಾದಕ್ಕೆಂದು ಮೃದಂಗದ ಎಡಮುಖಕ್ಕೆ ಕಲಸಿದ ರವೆ ಹಚ್ಚಿ, ಅವತ್ತಿನ ಪಾಠ ಬಾರಿಸುವಳು. ಇವನು ಪೇಪರಿನಿಂದ ತಲೆಯೆತ್ತದೆ, “ಚೆನ್ನಾಗಿದೆ ಮಗು. ಕಾಫಿ ತರ್ತೀಯಾ?” ಎನ್ನುವನು. ಆ ಎರಡು ಮಾತು ಯಾವಾಗಲೂ ಒಟ್ಟಿಗೇ ಬರುತ್ತಿದ್ದವು.

ತೊಂಬತ್ತಾರರಲ್ಲಿ ಅವಳು ಮೃದಂಗದ ಸೀನಿಯರ್ ಪರೀಕ್ಷೆಗೆ ಹಾಸನಕ್ಕೆ ಹೋಗಿ ಬಂದು ಫೇಲಾದಳು. ಏನು ತಪ್ಪಾಯಿತೆಂದು ಅಲ್ಲಿ ಯಾರೂ ಹೇಳಲಿಲ್ಲ, ಹೇಳುವುದು ಪರೀಕ್ಷೆಯವರ ಕೆಲಸವೂ ಅಲ್ಲ. ಮನೆಗೆ ಬಂದರೆ ಅಪ್ಪ, “ಹೋಗ್ಲಿ ಬಿಡು ಮಗು, ಚೆನ್ನಾಗೇ ಬಾರಿಸಿರ್ತೀಯ” ಎಂದು ತಲೆ ಸವರಿದ. ಅವಳು ಅಡುಗೆಮನೆಗೆ ಬಂದು ಈಳಿಗೆಮಣೆಯ ಮುಂದೆ ಕೂತು ಹುರುಳಿಕಾಯಿಯ ಮೇಲೆ ಸಿಟ್ಟು ತೀರಿಸಿಕೊಂಡಳು.

“ಅತ್ತೆ, ಎಲ್ಲೋ ತಪ್ತಾ ಇದೀನಿ. ಎಲ್ಲಿ ಅಂತ ಅಪ್ಪನಿಗೆ ಗೊತ್ತಾಗಲ್ವಾ? ಗೊತ್ತಾದ್ರೂ ಹೇಳಲ್ವಾ? ಮುಂದಿನ ಸಲವೂ ಫೇಲಾದ್ರೆ ನಾನು ಮೃದಂಗ ಮುಟ್ಟಲ್ಲ.”

 ನನಗೆ ಗೊತ್ತಿರುವುದು ಲ.ಸಾ.ಅ., ಮ.ಸಾ.ಅ. ಅಷ್ಟೇ.

ಅದರ ಮುಂದಿನ ಬೇಸಿಗೆಯಲ್ಲಿ ಶಶಿಕುಮಾರ್ ಒಂದು ವಿಡಿಯೊ ಕ್ಯಾಸೆಟ್ ತಂದ. ಶಶಿಕುಮಾರ್ ನನ್ನ ತಮ್ಮನ ಶಿಷ್ಯ, ಹಾಸನದ ಹತ್ತಿರದ ದುದ್ದದವನು. ಮನೆಯಲ್ಲಿ ತೆಂಗಿನ ತೋಟ, ಎಮ್ಮೆ, ಡೈರಿಗೆ ಹಾಲು ಎಲ್ಲ ಇದ್ದರೂ ಇವನಿಗೆ ಬಾರಿಸುವ ಹುಚ್ಚು. ಹಾಸನದ ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತ, ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದವರೆಗಿನ ಆರತಕ್ಷತೆಗಳಲ್ಲಿ ಜನ ನೆಮ್ಮದಿಯಾಗಿ ಊಟ ಮಾಡದ ಹಾಗೆ ನೋಡಿಕೊಳ್ಳುತ್ತಿದ್ದ. ಶನಿವಾರ ಮಾತ್ರ ಎರಡು ಬಸ್ಸು ಬದಲಾಯಿಸಿ ಮೃದಂಗದ ಪಾಠಕ್ಕೆ ಬರುವನು, ಬೈಸಿಕೊಳ್ಳುವನು, ಹೋಗುವನು. ಅವತ್ತು ಕ್ಯಾಸೆಟ್ ಹಾಕಲು ಬಾಡಿಗೆಯ ವಿಸಿಪಿಯನ್ನೂ ಟವೆಲಿನಲ್ಲಿ ಸುತ್ತಿ ಹೊತ್ತುಕೊಂಡು ಬಂದಿದ್ದ.

“ಸಾ, ಒಂದ್ ಕಿತ ನೋಡಿ ಸಾ. ಇವ್ನು ಡ್ರಮ್ಸೂ ಬಾರಿಸ್ತಾನೆ, ಆಡೂ ಏಳ್ತಾನೆ. ಎರ್ಡೂ ಒಬ್ನೇಯ.”

ಟಿವಿಯಲ್ಲಿ ಒಬ್ಬ ಇಂಗ್ಲಿಷಿನವನು. ಅವನ ಹೆಸರು ನನ್ನ ಬಾಯಲ್ಲಿ ನಿಲ್ಲಲಿಲ್ಲ, ನಿಲ್ಲಿಸಿಕೊಳ್ಳುವ ಅಗತ್ಯವೂ ಕಾಣಲಿಲ್ಲ. ಸುತ್ತ ಕೊಳಗ, ಹಂಡೆ, ತಪ್ಪಲೆಗಳ ಹಾಗೆ ಡ್ರಮ್ಮುಗಳು. ಬನಿಯನ್ನು ಬೆವರಿನಲ್ಲಿ ತೊಯ್ದು, ಬಾಯಿಯ ಹತ್ತಿರ ಮೈಕು ಬಗ್ಗಿಸಿಕೊಂಡು, ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಕಿತ್ತುಹೋದಾಗ ಅರಚುವವರ ಹಾಗೆ ಕೂಗುತ್ತಿದ್ದ. ಜಗತ್ಪ್ರಸಿದ್ಧನಂತೆ. ಜಗತ್ತಿಗೆ ಬೇರೆ ಕೆಲಸವಿಲ್ಲ ಎಂದುಕೊಂಡು ನಾನು ಅಕ್ಕಿ ಆರಿಸುತ್ತ ಕೂತೆ.

ಯೋಗಾನರಸಿಂಹ ಮಾತ್ರ ಪೇಪರು ಮಡಿಸಿಟ್ಟು ಮುಂದಕ್ಕೆ ಸರಿದು ಕೂತ.

“ನೋಡೋ, ಹಾಡು ಶುರುವಾದ ತಕ್ಷಣ ಕೈ ಮಲಗಿಬಿಡ್ತು. ಬರೀ ಕಾಲಲ್ಲಿ ಗುದ್ದುತಾ ಇದಾನೆ. ಈಗ ನೋಡು, ಕೈ ಎದ್ದಿತು, ಬಾಯಿ ಮಲಗಿತು. ಇವನು ಎರಡು ಕೆಲಸ ಮಾಡ್ತಿಲ್ಲ ಕಣೋ, ಒಂದೊಂದು ಕೆಲಸಕ್ಕೂ ಅರ್ಧರ್ಧ ದಿನ ರಜಾ ಹಾಕ್ತಿದಾನೆ.”

“ಅಂಗಂದ್ರೆ ಎಂಗೆ ಸಾ. ಕ್ಯಾಸೆಟ್ಟು ಕೋಟಿಗಟ್ಲೆ ಮಾರವೆ ಕಣ್ ಸಾ.”

“ಹೊಗೆಸೊಪ್ಪೂ ಕೋಟಿಗಟ್ಟಲೆ ಮಾರುತ್ತೆ. ಹಾಡೋನು ಜಾರಿದ್ರೆ ಬಾರಿಸೋನು ಎತ್ತಿ ನಿಲ್ಲಿಸಬೇಕು, ಪಕ್ಕವಾದ್ಯ ಇರೋದು ಅದಕ್ಕೆ. ಇಬ್ಬರೂ ಒಬ್ಬನೇ ಆದ್ರೆ ಬಿದ್ದಾಗ ಎತ್ತೋರು ಯಾರು?”

“ಬೀಳಾಕಿಲ್ವಲ್ಲ ಸಾ ಇವ್ನು.”

“ಬಿದ್ದಿದಾನೆ, ನಿನಗೆ ಕಾಣಿಸ್ತಿಲ್ಲ. ಹಿಂದಕ್ಕೆ ಓಡಿಸು.”

ಹಿಂದಕ್ಕೆ ಓಡಿಸಿದರು. ಮುಂದಕ್ಕೆ, ಮತ್ತೆ ಹಿಂದಕ್ಕೆ. ಆ ಮನುಷ್ಯನ ಉಸಿರು, ಮಣಿಕಟ್ಟು, ಎಡ ಮೊಣಕೈ, ಅವನು ಯಾವ ಪದದ ಹತ್ತಿರ ಏಟನ್ನು ನುಂಗಿದ, ಯಾವ ಪದದ ಹತ್ತಿರ ಪದವನ್ನೇ ನುಂಗಿದ, ಎಲ್ಲದರ ವಿಚಾರಣೆ ನಡೆಯಿತು. ಒಂದು ಕಡೆ ಮಾತ್ರ, ಆ ಇಂಗ್ಲಿಷಿನವನು ತುಂಬ ಹೊತ್ತು ಏಟು ಹಾಕದೆ ಇದ್ದು ಒಮ್ಮೆಲೇ ಎರಡು ಕೈಯಲ್ಲೂ ಡ್ರಮ್ಮಿನ ಮೇಲೆ ಬಂದು ಬಿದ್ದ ಜಾಗದಲ್ಲಿ, ನನ್ನ ತಮ್ಮ ತಲೆದೂಗಿದ. “ಇಲ್ಲಿ ಮಾತ್ರ ಕಳ್ಳನಿಗೆ ಕೆಲಸ ಗೊತ್ತು” ಎಂದ. ವಿಸಿಪಿಯನ್ನು ಇನ್ನೊಂದು ವಾರ ಇಲ್ಲೇ ಇಟ್ಟು ಹೋಗೆಂದೂ ಹೇಳಿದ. ತಿರಸ್ಕಾರ ಮಾಡಲು ಇಷ್ಟೊಂದು ಪುರುಸೊತ್ತು ಬೇಕೆಂದು ನನಗೆ ಗೊತ್ತಿರಲಿಲ್ಲ.

ಒಳಬಾಗಿಲಿಗೆ ಒರಗಿ ಸಂಹಿತಾ ಎಲ್ಲವನ್ನೂ ನೋಡುತ್ತಿದ್ದಳು. ಅವಳ ಮುಖದಲ್ಲಿ ಇದ್ದದ್ದು ಹೊಟ್ಟೆಕಿಚ್ಚು, ಬೇರೆ ಹೆಸರು ಯಾಕೆ ಕೊಡಲಿ.

“ಅತ್ತೆ, ಎಲ್ಲೋ ಲಂಡನ್ನಿನಲ್ಲಿ ಕೂತೋನ ಮೊಣಕೈ ಬಗ್ಗೆ ಮಧ್ಯಾಹ್ನವೆಲ್ಲಾ ಮಾತಾಡಿದ್ರು. ಈ ಮನೇಲಿ ಬೆಳೆದ ನನಗೆ ಮೊಣಕೈ ಇದೆಯೋ ಇಲ್ವೋ ಅಂತಾನಾದ್ರೂ ನೋಡಿದಾರಾ?”

ಆ ವಾರ ಅವಳು ಒಂದು ಕೆಲಸ ಮಾಡಿದಳು. ಸಂಜೆ ಪಾಠ ಒಪ್ಪಿಸುವಾಗ ಬೇಕೆಂದೇ ತಪ್ಪಿದಳು. ಸಣ್ಣ ತಪ್ಪಲ್ಲ. ಆದಿತಾಳದಲ್ಲಿ ಒಂದು ಇಡೀ ಏಟನ್ನು ನುಂಗಿ, ಕೊನೆಯಲ್ಲಿ ಮೂರು ಸಲ ಬಾರಿಸಿ ತಾಳಕ್ಕೆ ಸೇರಿಸಬೇಕಾದ ಮುಕ್ತಾಯವನ್ನು ಎಲ್ಲೋ ಬೀದಿಯಲ್ಲಿ ಇಳಿಸಿ ಕೈ ಕಟ್ಟಿ ಕೂತಳು. ಲೆಕ್ಕದ ಟೀಚರಾದ ನನಗೇ ಗೊತ್ತಾಯಿತು. ಬೆರಳು ಮಡಿಸಿ ಎಣಿಸುತ್ತಿದ್ದ ನನ್ನ ಕೈಯಲ್ಲಿ ಒಂದು ಬೆರಳು ಉಳಿದುಬಿಟ್ಟಿತ್ತು.

ಯೋಗಾನರಸಿಂಹ, “ಚೆನ್ನಾಗಿದೆ ಮಗು” ಎಂದ. “ಕಾಫಿಗೆ ಸಕ್ಕರೆ ಕಮ್ಮಿ ಹಾಕು.”

ಸಂಹಿತಾ ಎದ್ದು ಒಳಗೆ ಬಂದಳು. ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚಾಗಿಯೇ ಸುರಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಬೈಯದಿರುವುದು ಪ್ರೀತಿಯಂತೆ! ದಾರಿಯಲ್ಲಿ ಹೋಗುವ ಮಕ್ಕಳು ನಮಸ್ಕಾರ ಅಂದರೆ ನಾವೂ ‘ಹೂಂ, ಚೆನ್ನಾಗಿದೀಯಾ’ ಎಂದು ಮುಂದೆ ಹೋಗುವುದಿಲ್ಲವೇ, ಅಷ್ಟೇ ಅದು. ಶಾಲೆಯಲ್ಲಿ ನಾನು ತಪ್ಪು ತಿದ್ದದೆ ಬಿಟ್ಟದ್ದು, ಇವು ಉದ್ಧಾರವಾಗಲಾರವು ಎಂದು ಕೈಬಿಟ್ಟ ಹುಡುಗರ ಪುಸ್ತಕಗಳಲ್ಲಿ ಮಾತ್ರ.

ಮುಂದಿನ ಶನಿವಾರ ಯೋಗಾನರಸಿಂಹ ಚನ್ನರಾಯಪಟ್ಟಣದ ಒಂದು ಮದುವೆ ಕಛೇರಿಗೆ ಹೋಗಿದ್ದ. ಪಾಠವಿಲ್ಲವೆಂದು ತಿಳಿಯದೆ ಶಶಿಕುಮಾರ್ ಬಂದ. ನಾನು ಅವನನ್ನು ಕೂರಿಸಿ ಚಕ್ಕುಲಿ ಕೊಟ್ಟು, ನನ್ನ ಯೋಚನೆ ಹೇಳಿದೆ. ಸಂಹಿತಾ ಮೃದಂಗ ಬಾರಿಸಲಿ, ಶಶಿಕುಮಾರ್ ಒಂದು ದೇವರನಾಮ ಹಾಡಲಿ, ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಳ್ಳೋಣ. ಆಮೇಲೆ ಮೇಷ್ಟರಿಗೆ ಕೇಳಿಸಿ, ಆ ಇಂಗ್ಲಿಷಿನವನ ಹಾಗೆ ಹಾಡಿದ್ದೂ ನಾನೇ, ಬಾರಿಸಿದ್ದೂ ನಾನೇ ಎಂದು ಶಶಿಕುಮಾರ್ ಹೇಳಲಿ. ಗಂಡುಹುಡುಗ ಬಾರಿಸಿದ್ದು ಎಂದರೆ ನನ್ನ ತಮ್ಮ ಬೈಯುತ್ತಾನೆ. ಬೈದಾಗ ತಪ್ಪು ಎಲ್ಲಿದೆ ಎಂದು ಇವಳಿಗೆ ತಿಳಿಯುತ್ತದೆ.

ಶಶಿಕುಮಾರನ ಕೈಯಲ್ಲಿ ಚಕ್ಕುಲಿ ಹಾಗೇ ನಿಂತಿತು. “ನನ್ನ ಕೊಂದಾಕ್ಬುಡ್ತಾರೆ ಟೀಚರಮ್ಮ.”

“ವಾರವಾರ ಕೊಲ್ತಾನೇ ಇದಾನಲ್ಲ. ಇನ್ನೊಂದು ಸಲ ಸತ್ತರೆ ಏನಾಯ್ತು?”

“ನಂಗೆ ಆಡಾಕೆ ಬರಾಕಿಲ್ವಲ್ಲ.”

“ಆ ಇಂಗ್ಲಿಷಿನವನಿಗೆ ಬರುತ್ತಾ? ಕೋಟಿಗಟ್ಟಲೆ ಮಾರಿಲ್ವಾ? ಹಾಡು.”

ಅವನು ಹಾಡಿದ. ಪಕ್ಕದ ಮನೆಯ ಕಮಲಾಕ್ಷಮ್ಮ ಗೋಡೆಯ ಮೇಲಿಂದ ಇಣುಕಿ, ಯಾರಿಗಾದರೂ ಮೈ ಸರಿಯಿಲ್ಲವೇ ಎಂದು ಕೇಳಿದರು. ಸಂಹಿತಾ ಮಾತ್ರ ಕಣ್ಣು ಮುಚ್ಚಿ, ತನಗೆ ಬಂದದ್ದನ್ನೆಲ್ಲ ಹಾಕಿ, ನಿಜವಾಗಿ ಬಾರಿಸಿದಳು. ಹಾಡು ಮುಗಿದ ಮೇಲೆ ಒಬ್ಬಳೇ ಸ್ವಲ್ಪ ಹೊತ್ತು ಬಾರಿಸಿ ಮುಕ್ತಾಯ ಮಾಡಿದಳು. ನನಗೆ ಚೆನ್ನಾಗಿಯೇ ಇದೆ ಎನಿಸಿತು. ಅದರಿಂದ ಏನು ಪ್ರಯೋಜನ?

ಮತ್ತೊಂದು ಶನಿವಾರ ಬಂತು. ಪಾಠ ಮುಗಿಯುವ ಹೊತ್ತಿಗೆ ಶಶಿಕುಮಾರ್ ಜೇಬಿನಿಂದ ಕ್ಯಾಸೆಟ್ ತೆಗೆದ.

“ಸಾ, ನಾನೂ ಒಂದ್ ಟ್ರೈ ಮಾಡ್ದೆ ಸಾ. ಆ ಡ್ರಮ್ಸ್‌ನೋನ ತರ. ಎರ್ಡೂ ನಾನೇಯ.”

ಯೋಗಾನರಸಿಂಹ ಅವನನ್ನು ಮೇಲಿನಿಂದ ಕೆಳಗೆ ನೋಡಿದ. “ಹಾಕು. ನಿನ್ನ ದೆಸೆಯಿಂದ ಆ ಇಂಗ್ಲಿಷಿನವನಿಗೆ ಮರ್ಯಾದೆ ಬರಲಿ.”

ನಾನೂ ಸಂಹಿತಾಳೂ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆವು. ಹಾಡು ಶುರುವಾಗಿ ಎರಡು ಸಾಲು ಆಗುವಷ್ಟರಲ್ಲೇ ನನ್ನ ತಮ್ಮ ಗಾಯನದ ಅಂತ್ಯಕ್ರಿಯೆ ಮುಗಿಸಿದ. “ದೇವರಿಗೆ ಕೇಳಿಸಿದ್ರೆ ವರ ಕೊಡೋ ಬದಲು ವಾಪಸ್ ತಗೋತಾನೆ.” ಆಮೇಲೆ ನಾನು ಇಣುಕಿದೆ. ಅವನು ತಲೆ ತಗ್ಗಿಸಿ, ತೊಡೆಯ ಮೇಲೆ ಸಣ್ಣಗೆ ತಾಳ ಹಾಕುತ್ತ ಕೇಳುತ್ತಿದ್ದ. ಪೇಪರು ಕೆಳಗೆ ಬಿದ್ದಿತ್ತು. ಕೊನೆಯ ಮುಕ್ತಾಯ ಬಂದಾಗ ಹಲ್ಲುನೋವು ಬಂದವನ ಹಾಗೆ ಮುಖ ಕಿವುಚಿದ.

ಟೇಪು ನಿಂತ ಮೇಲೆ, “ಹಾಡು ನಿನ್ನದೇ” ಎಂದ. “ಇನ್ಯಾರಿಗೂ ಅಷ್ಟು ಧೈರ್ಯ ಇರಲ್ಲ. ಆದ್ರೆ ಈ ಕೈ ನಿನ್ನದಲ್ಲ.”

“ನಂದೇಯ ಸಾ.”

“ಸುಳ್ಳು ಹೇಳಬೇಡ. ನಾಲ್ಕು ವರ್ಷದಿಂದ ನಿನ್ನ ಕೈ ಕೇಳ್ತಿದೀನಿ. ನಿನ್ನ ಬಲಗೈ ಎಮ್ಮೆ ಹಾಗೆ ಹಿಂದೆ ಹಿಂದೆ ಬರುತ್ತೆ. ಇವನ ಬಲಗೈ ಶುದ್ಧವಾಗಿದೆ. ಪಾಠ ನನ್ನದು. ಎಲ್ಲಿಂದಲೋ ಕದ್ದಿದಾನೆ. ಯಾರೋ ಇವನು? ನನ್ನ ಹತ್ತಿರ ಕಳಿಸು. ನಾನು ಬೈದಿದ್ರೆ ಇವನು ಇಷ್ಟು ಹೊತ್ತಿಗೆ ಬೆಂಗಳೂರಲ್ಲಿ ಬಾರಿಸ್ತಿರ್ತಿದ್ದ.”

ಎಮ್ಮೆಯ ನಡಿಗೆಯ ಶಶಿಕುಮಾರನ ಕೈ ಗೊತ್ತು. ಲಂಡನ್ನಿನವನ ಮೊಣಕೈ ಗೊತ್ತು. ಐದನೇ ವಯಸ್ಸಿನಿಂದ ಈ ಚಾಪೆಯ ಮೇಲೆಯೇ ಬಾರಿಸುತ್ತಿರುವ ಮಗಳ ಕೈ ಗುರುತು ಸಿಗಲಿಲ್ಲ ಈ ವಿದ್ವಾಂಸನಿಗೆ. ನನಗೆ ಅವನ ಮೇಲೆ ಅಂಥ ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಸಂಹಿತಾ ನನ್ನ ಕೈ ಬಿಡಿಸಿಕೊಂಡು ಮುಂದಿನ ಕೋಣೆಗೆ ಹೋದಳು.

“ನಾನಪ್ಪ.”

ಅವನು ಅವಳನ್ನು ನೋಡಿದ. ಟೇಪ್ ರೆಕಾರ್ಡರನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ನೋಡಿದ. ಮುಖದ ಸಿಟ್ಟೆಲ್ಲ ನಿಧಾನವಾಗಿ ಇಳಿದು, ಅದೇ ಹಾಳು ಮೃದುತನ ಬಂದು ಕೂತಿತು.

“ಓ, ನೀನಾ. ಚೆನ್ನಾಗಿದೆ ಮಗು. ನಾನು ಸುಮ್ಮನೆ ಏನೋ...”

“ಈಗ ತಾನೇ ಮುಖ ಕಿವುಚಿದ್ರಿ.”

“ಇಲ್ಲ ಇಲ್ಲ. ಚೆನ್ನಾಗೇ ಇತ್ತು.”

ಸಂಹಿತಾ ಟೇಪಿನ ಮುಂದೆ ಕೂತು ಹಿಂದಕ್ಕೆ ಓಡಿಸಿದಳು. ಮುಕ್ತಾಯ ಕೇಳಿಸಿತು. ಮತ್ತೆ ಓಡಿಸಿದಳು. ಮತ್ತೆ ಮುಕ್ತಾಯ. ಶಶಿಕುಮಾರ್ ಗೋಡೆಗೆ ಅಂಟಿಕೊಂಡು ನಿಂತಿದ್ದ. ಮೂರನೆಯ ಸಲ ಬಂದಾಗ ನನ್ನ ತಮ್ಮನ ದವಡೆ ಬಿಗಿಯಿತು. ಅವಳು ಅಪ್ಪನ ಮುಖವನ್ನೇ ನೋಡುತ್ತ ಮತ್ತೊಮ್ಮೆ ಗುಂಡಿ ಒತ್ತಿದಳು.

“ನಿಲ್ಲಿಸು!” ಎಂದ. “ಎಷ್ಟು ಸಲ ಕೇಳಿಸ್ತೀಯ ಈ ದರಿದ್ರಾನ? ಎಡಗೈ ಯಾಕೆ ಅಲ್ಲಿ ಓಡಿ ಹೋಗುತ್ತೆ? ಬಲಗೈ ಇನ್ನೂ ಬಂದೇ ಇಲ್ಲ, ಅಷ್ಟರಲ್ಲಿ ಇದು ಹೋಗಿ ಬಾಗಿಲಲ್ಲಿ ನಿಂತಿದೆ. ಮುಕ್ತಾಯ ಮೂರು ಸಲ ಬಂದ್ರೆ ಮೂರು ಸಲಾನೂ ತಾಳಕ್ಕಿಂತ ಅರ್ಧ ಅಕ್ಷರ ಮುಂಚೆ. ಎಡಕ್ಕೆ ರವೆ ಹಚ್ಚಿದೀಯೋ, ಉಪ್ಪಿಟ್ಟು ಮೆತ್ತಿದೀಯೋ? ನಾದ ಎಲ್ಲಿದೆ ಅದರಲ್ಲಿ? ಇದನ್ನ ತಗೊಂಡು ಪರೀಕ್ಷೆಗೆ ಹೋದ್ಯಾ? ಫೇಲ್ ಮಾಡಿದೋರು ಪುಣ್ಯವಂತರು, ನಾನಾಗಿದ್ರೆ ಮೃದಂಗ ಕಿತ್ಕೊಂಡು ಕಳಿಸ್ತಿದ್ದೆ. ನಿನಗೆ ಪಾಠ ಹೇಳಿದ ಮುಠ್ಠಾಳ ಯಾರು?”

ಕೊನೆಯ ಪ್ರಶ್ನೆ ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಕೇಳಿಸಿತು. 

ಸಂಹಿತಾಳ ಕಣ್ಣಿಂದ ಧಾರೆಧಾರೆಯಾಗಿ ನೀರು ಸುರಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ. ಗಂಡುಹುಡುಗರು ಕೂರುವ ಜಾಗದಲ್ಲಿ ಚಾಪೆಯ ಮೇಲೆ ಕೂತು ಮೃದಂಗವನ್ನು ತೊಡೆಗೆ ಎಳೆದುಕೊಂಡಳು.

ನನ್ನ ತಮ್ಮ ತಡವರಿಸುತ್ತ, “ಅಳಬೇಡ ಮಗು, ನಾನು...” ಎಂದು ಶುರುಮಾಡಿದ.

“ಮಗು ಬೇಡಪ್ಪ” ಎಂದಳು. “ಎಡಗೈದು ಹೇಳ್ತಿದ್ರಲ್ಲ, ಅದನ್ನ ಹೇಳಿ.”